ಹನ್ನೊಂದನೇ ಬೆಡ್ಡಿನ ಚಪ್ಪಲಿ

ಆಸ್ಪತ್ರೆಯ ಔಷಧಿ ಕೌಂಟರಿನ ಸಾಲಿನಲ್ಲಿ ನನ್ನ ಮುಂದೆ ವಯಸ್ಸಾದ ಹೆಂಗಸೊಬ್ಬರು ಬಿಪಿ ಮಾತ್ರೆಗೆ ನಿಂತಿದ್ದರು. ಫೈಲು ಹಿಡಿದು ಹೋಗುತ್ತಿದ್ದ ನಡುವಯಸ್ಸಿನವನೊಬ್ಬ ಅವರನ್ನು ಕಂಡು ಗಕ್ಕನೆ ನಿಂತ.

“ಸಿಸ್ಟರ್, ಗುರುತು ಸಿಕ್ತಾ?”

“ಹನ್ನೊಂದನೇ ಬೆಡ್ಡು! ಕುಡಿದು ಬಂದು ಸೇರ್ಕೊಳ್ಳೋದು, ವಾರದೊಳಗೆ ಬರಿಗಾಲಲ್ಲಿ ಪರಾರಿ.”

“ಚಪ್ಪಲಿ ಹಾಕಿದ್ರೆ ಸದ್ದಾಗಿ ನೀವು ಹಿಡೀತಿದ್ರಿ. ಐದು ಸಲ ಓಡಿದ್ದೆ.”

“ಈಗ?”

“ಕುಡಿತ ಬಿಟ್ಟು ಒಂಬತ್ತು ವರ್ಷ. ಇಲ್ಲೇ ಹೊಸ ನರ್ಸುಗಳಿಗೆ ಪಾಠ ಹೇಳ್ತೀನಿ. ಕುಡಿತ ಕಾಯಿಲೆ, ಕೊಬ್ಬಲ್ಲ ಅಂತ.”

“ಅಯ್ಯೋ, ನಮ್ಮ ಕಾಲಕ್ಕೆ ಯಾರೂ ಹೇಳಿಕೊಡ್ಲಿಲ್ಲ ಕಣಪ್ಪ. ನಾನೂ ನಿನಗೆ ಬಾಯಿಗೆ ಬಂದಂಗೆ ಬೈದಿದ್ದೀನಿ.”

“ಬೈದ್ರಿ. ಆದ್ರೆ ಪ್ರತಿ ಸಲವೂ ನನ್ನ ಚಪ್ಪಲೀನ ಪೇಪರಲ್ಲಿ ಸುತ್ತಿ ಎತ್ತಿಡ್ತಿದ್ರಿ. ಡಾಕ್ಟ್ರು ಬಿಸಾಕಿ ಅಂದ್ರೂ ಕೇಳ್ತಿರ್ಲಿಲ್ಲ.”

“ಇರ್ಲಿ ಸಾರ್, ವಾಪಸ್ ಬರ್ತಾನೆ ಅಂತಿದ್ದೆ.”

“ಆ ಮಾತು ನಮ್ಮನೇಲೂ ಯಾರೂ ಅಂದಿರ್ಲಿಲ್ಲ ಸಿಸ್ಟರ್. ನನ್ನ ಮೊದಲನೇ ಪಾಠ ಅದೇ. ಬನ್ನಿ, ಇವತ್ತು ನೀವೇ ಹೇಳಿ.”

“ನನಗೆಲ್ಲಿ ಬರುತ್ತೆ ಪಾಠ ಗೀಠ?” ಅಂದರು. ಅಂದರೂ ಮಾತ್ರೆ ತಗೊಂಡು ಚೀಲಕ್ಕೆ ಹಾಕಿಕೊಂಡು ಅವನ ಹಿಂದೆಯೇ ಹೊರಟರು.

ತರಗತಿ ಎದುರುಗಡೆಯೇ ಇತ್ತು. ಅವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ. ಸಿಸ್ಟರ್ ಮಂಡಿ ಹಿಡಿದುಕೊಂಡು ಬಗ್ಗಿ, ಆ ಜೊತೆಯನ್ನು ಗೋಡೆಪಕ್ಕ ನೀಟಾಗಿ ಜೋಡಿಸಿಟ್ಟು, ವಾರ್ಡಿನ ಆ ಹಳೇ ದನಿಯಲ್ಲೇ ಗದರಿದರು:

“ಈ ಸಲ ಹಾಕ್ಕೊಂಡೇ ಹೋಗ್ಬೇಕು, ಗೊತ್ತಾಯ್ತಾ?”