ಬೊಮ್ಮಕ್ಕನ ಅರಿಶಿನದ ನೀರು

ಕೂತ್ರಾ ಎಲ್ಲಾ? ಹೆಣ್ಣುಮಕ್ಕಳೇ, ಕೂಸುಗಳನ್ನ ಮಡಿಲಿಗೆ ಹಾಕ್ಕೊಳ್ಳಿ. ಇದು ಕೂಸನ್ನ ದೂರ ಇಟ್ಟು ಕೇಳೋ ಕಥೆಯಲ್ಲ. ನಾನು ಹೇಳ್ತೀನಿ, ನೀವು ಹೂಂ ಅನ್ನಿ. ಹೂಂ ಅನ್ನೋದು ನಿಂತರೆ ಕಥೆನೂ ಅಲ್ಲೇ ನಿಲ್ಲುತ್ತೆ, ಆಮೇಲೆ ನನ್ನನ್ನ ಬೈಯಬೇಡಿ.

ಒಂದು ನಾಡು. ಯಾವ ನಾಡು? ಹೆಸರು ಗೊತ್ತಿದ್ದವರೆಲ್ಲ ಮಣ್ಣಾದರು. ಆ ನಾಡಿಗೊಂದು ಹೊಳೆ. ಹೊಳೆ ಈಚೆ ಒಂದು ಕಲ್ಲಿನ ಕೋಟೆ, ಹೊಳೆ ಆಚೆ ಒಬ್ಬ ದೊರೆ. ಆಚೆ ದೊರೆಗೆ ಈಚೆ ನೆಲದ ಮೇಲೆ ಕಣ್ಣು. ಬಂದ, ಊರು ಸುಟ್ಟ, ದನ ಹೊಡ್ಕೊಂಡು ಹೋದ, ಕೋಟೆ ಸುತ್ತ ಮುತ್ತಿಗೆ ಹಾಕಿ ಕೂತ. ಈಚೆ ಅರಸ ಏನು ಮಾಡ್ತಿದ್ದ? ಅವನಿನ್ನೂ ಮೀಸೆ ಮೂಡದ ಹುಡುಗ. ಅಪ್ಪ ಸತ್ತಿದ್ದ, ಪಟ್ಟ ಆಗಿರಲಿಲ್ಲ, ಕಾಡಂಚಿನ ಗುಡಾರದಲ್ಲಿ ಅವಿತು ಕೂತಿದ್ದ. ಅರಸನೇ ಅವಿತರೆ ಜನ ಎಲ್ಲಿ ಅವಿತುಕೊಳ್ಳಬೇಕು, ಹೇಳ್ರಪ್ಪ?

ಆ ನಾಡಿನ ಒಂದು ಹಟ್ಟಿಯಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳು. ಕುರಿ ಸಾಕಿ ಬದುಕೋಳು. ಗಂಡ ತೀರಿಹೋಗಿದ್ದ. ಇದ್ದವಳು ಒಬ್ಬಳೇ ಮಗಳು, ಮಾಳಿ. ಮಾಳಿಗೆ ಮೊಣಕಾಲು ಮುಟ್ಟೋ ಕೂದಲು. ಅದನ್ನ ಬಾಚೋದಂದ್ರೆ ತಾಯಿ ಮಗಳಿಗೆ ದಿನಾ ಜಗಳ.

"ಅವ್ವಾ, ನೋಯ್ತದೆ!"

"ನೋಯ್ಲಿ ಬಿಡು. ಕುರಿ ಹಿಂದೆ ಮುಳ್ಳಲ್ಲಿ ಉರುಳಾಡಿ ಬರೋಳು ನೀನು, ಕೈ ನೋಯ್ಸ್ಕೊಳೋಳು ನಾನು. ಕೂತ್ಕೋ ಸುಮ್ಮನೆ."

ಬೈತಾ ಬೈತಾನೇ ಎಣ್ಣೆ ಹಚ್ಚೋಳು, ಬೈತಾ ಬೈತಾನೇ ಜಡೆ ಹೆಣೆಯೋಳು. ಆ ಹೊತ್ತು ಬಿಟ್ಟರೆ ಬೊಮ್ಮಕ್ಕನಿಗೆ ಬೇರೆ ಸುಖ ಇರಲಿಲ್ಲ.

ಒಂದು ಅಮಾಸೆ ಹಟ್ಟಿಯವರೆಲ್ಲ ಗುಡ್ಡದವ್ವನ ಪೂಜೆಗೆ ಹೋದರು. ಮಂಗಳಾರತಿ ಎತ್ತಿದ್ದೇ ತಡ, ಮಾಳಿ ನಡುಗಿದಳು. ಕಣ್ಣು ಮೇಲಾಯ್ತು. ಗಂಟಲಲ್ಲಿ ಬೇರೆ ಯಾರದೋ ದನಿ. "ಕುದುರೆ ತನ್ನಿ! ಕತ್ತಿ ತನ್ನಿ! ಕೋಟೆ ಬಿಡಿಸ್ತೀನಿ, ಹುಡುಗನಿಗೆ ಪಟ್ಟ ಕಟ್ತೀನಿ!"

ಜನ ಅಡ್ಡಬಿದ್ದರು. ಗುಡ್ಡದವ್ವ ಮಾಳಿ ಮೈಮೇಲೆ ಬಂದಿದ್ದಾಳೆ, ಇನ್ನೇನು ಬೇಕು?

ಇಲ್ಲಿ ಕೇಳಿ, ಆ ನಾಡಿನ ಪದ್ಧತಿ ಹೇಳ್ತೀನಿ. ಮೈಮೇಲೆ ದೇವರಿದ್ದವರನ್ನ ಯಾರೂ ಮುಟ್ಟಂಗಿಲ್ಲ. ಹೆಸರಿಡಿದು ಕರೆಯಂಗಿಲ್ಲ. ದೂರ ನಿಂತು ಕೈ ಮುಗೀಬೇಕು, ಅಷ್ಟೆ. ದೇವರು ಬಂದ ಕೆಲಸ ಮುಗಿದ ಮೇಲೆ ಹೆತ್ತವಳೇ ಹೋಗಿ, ಅರಿಶಿನದ ನೀರು ಚಿಮುಕಿಸಿ, ಮೈ ಮುಟ್ಟಿ, ಮನೆ ಹೆಸರಿಡಿದು ಮೂರು ಸಲ ಕರೀಬೇಕು. ಆಗ ದೇವರು ಇಳೀತದೆ, ಮಗಳು ಮಗಳಾಗ್ತಾಳೆ. ಹೆತ್ತವಳಲ್ಲದೆ ಬೇರೆ ಯಾರ ಕೈಲೂ ಅದು ಆಗೋದಿಲ್ಲ.

ಕುದುರೆ ತಂದರು, ಕತ್ತಿ ತಂದರು. ಮಾಳಿ ಕೂದಲನ್ನ ಎತ್ತಿ ಕಟ್ಟಿ ಮೇಲೊಂದು ರುಮಾಲು ಸುತ್ತಿದಳು. ಕುದುರೆ ಹತ್ತುವಾಗಲೂ ನಡುಗ್ತಾನೇ ಇದ್ದಳು. ಬೊಮ್ಮಕ್ಕ ದೂರದಿಂದ ಕೈ ಮುಗಿದು ನಿಂತಳು. ಅವತ್ತೇ ಮನೆಗೆ ಹೋಗಿ ಒಂದು ಚೊಂಬು ತೊಳೆದು ಇಟ್ಟಳು, ಅರಿಶಿನದ ನೀರಿಗೆ ಅಂತ.

ಮಾಳಿ ಹೋದ ಕಡೆ ಜನ ಹೋದರು. ನೇಗಿಲು ಬಿಟ್ಟು ಹೋದರು, ಮಗ್ಗ ಬಿಟ್ಟು ಹೋದರು, ಹಸೆಮಣೆಯಿಂದ ಎದ್ದು ಹೋದರು. ದೇವಿ ಕರೆದ ಮೇಲೆ ಯಾರು ಕೂರ್ತಾರೆ? ಕೋಟೆ ಸುತ್ತ ಶತ್ರು ಎಬ್ಬಿಸಿದ್ದ ಬುರುಜುಗಳಿಗೆ ಏಣಿ ಹಾಕಿ ಹತ್ತಿದರು, ಮುತ್ತಿಗೆ ಒಡೆದರು, ಕೋಟೆ ಬಿಡಿಸಿದರು. ಸತ್ತವರು ಬೇಕಾದಷ್ಟು ಜನ.

ಸುದ್ದಿ ಕೇಳಿ ಬೊಮ್ಮಕ್ಕ ಚೊಂಬು ಹಿಡಿದು ಕೋಟೆಗೆ ಓಡಿದಳು. ಮಾಳಿ ಕುದುರೆ ಮೇಲಿದ್ದಳು, ಭುಜದಲ್ಲಿ ಬಾಣ ಕಿತ್ತ ಗಾಯ. ಬೊಮ್ಮಕ್ಕನ ಕೈ ತಾನಾಗೇ ಮುಂದೆ ಹೋಯ್ತು. ದಳವಾಯಿ ಅಡ್ಡ ಬಂದ. "ಮುಟ್ಟಬೇಡಮ್ಮ! ಪಟ್ಟ ಇನ್ನೂ ಆಗಿಲ್ಲ. ದೇವಿ ಕೆಲಸ ಬಾಕಿ ಇದೆ." ಬೊಮ್ಮಕ್ಕ ಕೈ ಹಿಂದಕ್ಕೆ ಎಳ್ಕೊಂಡಳು, ಮುಗಿದಳು. "ತಾಯೇ, ನನ್ನ ಮಗಳ ಮೈ ಜೋಪಾನ." ಮಾಳಿಯ ತುಟಿ ಅಲುಗಿತು.

ಹುಡುಗನಿಗೆ ಪಟ್ಟ ಆಯ್ತು. ಬೊಮ್ಮಕ್ಕ ಚೊಂಬು ಹಿಡಿದು ಅರಮನೆಗೆ ಹೋದಳು. ಈ ಸಲ ಅರಸನೇ ಅಡ್ಡ ಬಂದ. "ಶತ್ರು ಇನ್ನೂ ಹೊಳೆ ದಾಟಿ ವಾಪಸ್ ಹೋಗಿಲ್ಲ ಕಣಮ್ಮ. ಈಗಲೇ ಇಳಿಸಿದ್ರೆ ನನ್ನ ಗತಿ ಏನು?" ಪಟ್ಟ ಆದರೂ ಹೆದರಿಕೆ ಹೋಗಿರಲಿಲ್ಲ ನೋಡಿ ಪುಣ್ಯಾತ್ಮನಿಗೆ! ಬೊಮ್ಮಕ್ಕ ಮತ್ತೆ ಕೈ ಮುಗಿದಳು. "ತಾಯೇ, ನನ್ನ ಮಗಳ ಮೈ ಜೋಪಾನ." ಮಾಳಿ ಚೊಂಬಿನ ಕಡೆ ನೋಡಿದಳು, ಆಮೇಲೆ ಮುಖ ತಿರುಗಿಸಿದಳು. ದೇವಿಗೆ ಸಿಟ್ಟು ಬಂತೇನೋ ಅಂತ ಬೊಮ್ಮಕ್ಕ ದಾರಿಯುದ್ದಕ್ಕೂ ಹೆದರಿಕೊಂಡೇ ಮನೆಗೆ ಬಂದಳು.

ಆಮೇಲೆ ಹೊಳೆ ಆಚೆ ದಂಡೆಯ ಕಾಳಗದಲ್ಲಿ ಮಾಳಿ ಸಿಕ್ಕಿಬಿದ್ದಳು. ಅರಸನ ದಂಡು ಹರಿಗೋಲು ಹತ್ತಿ ಈಚೆ ಬಂತು, ಅವಳೊಬ್ಬಳು ಆಚೆ ಉಳಿದಳು. ಅರಸ ಬಿಡಿಸಿಕೊಂಡು ಬಂದನೇ? ಬರಲಿಲ್ಲ. "ದೇವಿ ಅಲ್ವಾ, ತನ್ನನ್ನ ತಾನೇ ಬಿಡಿಸ್ಕೊಳ್ತಾಳೆ ಬಿಡಿ," ಅಂದ. ನನ್ನ ಕೈಗೆ ಸಿಕ್ಕಿದ್ರೆ ಅವನ ಕಿವಿ ಹಿಂಡ್ತಿದ್ದೆ.

ಆಚೆ ದೊರೆಯ ಗುರು ಬಲು ಜಾಣ. ಬೊಮ್ಮಕ್ಕನನ್ನ ಆಚೆ ದಡಕ್ಕೆ ಕರೆಸಿಕೊಂಡ. ಮೆಲ್ಲಗೆ ಮಾತಾಡಿದ. "ನೋಡಮ್ಮ, ನಾಳೆ ಎರಡು ದಡದ ಜನಾನೂ ಸೇರ್ತಾರೆ. ನೀನು ಎಲ್ಲರೆದುರು ಮಗಳನ್ನ ಮುಟ್ಟು, ದೇವಿ ಗೀವಿ ಯಾವತ್ತೂ ಬಂದಿರಲಿಲ್ಲ ಅನ್ನು. ಹೆತ್ತವಳ ಮಾತೇ ಕೊನೆ ಮಾತು. ಮಗಳನ್ನ ಕರ್ಕೊಂಡು ಮನೆಗೆ ಹೋಗು. ಅದು ಬಿಟ್ಟು ಕೈ ಮುಗಿದೆಯೋ, ಅವಳ ಮೈಮೇಲಿರೋದು ಪಿಶಾಚಿ ಅಂತ ಸುಡ್ತೀವಿ."

ದೇವಿ ಸುಳ್ಳಾದರೆ ದೇವಿ ಕಟ್ಟಿದ ಪಟ್ಟವೂ ಸುಳ್ಳು, ಜನದ ಎದೆ ಒಡೆಯುತ್ತೆ. ಅದು ಅವನ ಲೆಕ್ಕ. ಬೊಮ್ಮಕ್ಕನಿಗೆ ಅದೆಲ್ಲ ಯಾಕೆ? ಅವಳು ಕೇಳಿದ್ದು ಒಂದೇ, ಮುಟ್ಟಬಹುದು ಅನ್ನೋದು. ಗುರುವಿನ ಅಪ್ಪಣೆ ತಗೊಂಡು ಚೊಂಬು ಹಿಡಿದು ಸೆರೆಮನೆಗೆ ಹೋದಳು.

ಮಾಳಿ ಗೋಡೆಗೆ ಒರಗಿ ಕೂತಿದ್ದಳು. ರುಮಾಲು ಇಲ್ಲ, ಕೂದಲು ಜಡೆಗಟ್ಟಿದೆ. ಬೊಮ್ಮಕ್ಕ ಅಭ್ಯಾಸಬಲದಿಂದ ಬಾಗಿಲಲ್ಲೇ ನಿಂತು ಕೈ ಮುಗಿದಳು.

"ಅವ್ವಾ," ಅಂದಳು ಮಾಳಿ, "ಯಾರಿಗೆ ಕೈ ಮುಗೀತೀಯ? ಇಲ್ಲಿ ನಾನೊಬ್ಬಳೇ ಇರೋದು."

"ದೇವಿ ಇಳಿದ್ಲಾ ಮಗಾ?"

"ಅವತ್ತೇ ಇಳಿದ್ಲು. ನಾನು ಗುಡ್ಡ ಇಳಿಯೋಕೆ ಮುಂಚೇನೇ ಬಿಟ್ಟು ಹೋದ್ಲು. ಕುದುರೆ ಹತ್ತಿದೋಳು ನಾನೇ ಅವ್ವಾ. ಹೆದರಿ ನಡುಗ್ತಿದ್ದೆ, ನೀವೆಲ್ಲ ದೇವಿ ನಡುಗ್ತಾಳೆ ಅಂದ್ಕೊಂಡ್ರಿ. ಎಲ್ಲರ ಕಣ್ಣಲ್ಲೂ ಆಸೆ ಬಂದಿತ್ತು. ಇಲ್ಲ ಅನ್ನೋಕೆ ಬಾಯಿ ಬರಲಿಲ್ಲ."

"ಕೋಟೆಗೆ ಬಂದಿದ್ದೆನಲ್ಲೇ ನಾನು..."

"ಅವತ್ತೂ ನಾನೇ."

"ಪಟ್ಟದ ದಿನ?"

"ಅವತ್ತೂ ನಾನೇ. ಭುಜ ಸುಡ್ತಿತ್ತು. ಅವ್ವ ಬಂದ್ಲು, ಮುಟ್ತಾಳೆ ಅಂದ್ಕೊಂಡೆ. ನೀನು ಕೈ ಮುಗಿದೆ."

ಕೇಳಿದ್ರಾ? ಹೂಂ ಅನ್ನೋಕೂ ಆಗ್ತಿಲ್ಲ ಅಲ್ವಾ ನಿಮಗೆ? ನಿಮ್ಮ ಹೂಂ ಇಲ್ಲದಿದ್ದರೂ ಈ ಒಂದು ಕಡೆ ಕಥೆ ನಿಲ್ಲಿಸಲ್ಲ ನಾನು.

ಬೊಮ್ಮಕ್ಕ ಓಡಿ ಹೋಗಿ ಮಗಳನ್ನ ತಬ್ಬಿಕೊಂಡಳು. ಅರಿಶಿನದ ನೀರಲ್ಲಿ ಭುಜದ ಗಾಯ ತೊಳೆದಳು. ಅಳ್ತಾ ನಗ್ತಾ ಹೇಳಿದಳು, "ನಾಳೆ ಎಲ್ಲರೆದುರೂ ಹಿಂಗೇ ತಬ್ಕೊಳ್ತೀನಿ ಕಣೇ. ಮನೆಗೆ ಹೋಗೋಣ."

ಮಾಳಿ ತಲೆ ಅಲ್ಲಾಡಿಸಿದಳು. "ಬೇಡ ಅವ್ವಾ. ಏಣಿ ಮೇಲಿಂದ ಬಿದ್ದು ಸತ್ತೋರ ಅವ್ವಂದಿರು ಹಟ್ಟಿಹಟ್ಟೀಲೂ ಇದ್ದಾರೆ. ದೇವಿ ಕರೆದ್ಲು, ನನ್ನ ಮಗ ಹೋದ ಅಂದ್ಕೊಂಡು ಒಂದು ತುತ್ತು ಉಣ್ತಿದ್ದಾರೆ. ಕರೆದೋಳು ಕುರಿ ಕಾಯೋ ಹುಡುಗಿ ಅಂತ ಗೊತ್ತಾದ್ರೆ, ಆ ತುತ್ತು ಇಳೀತದಾ ಗಂಟಲಲ್ಲಿ?"

"ಅವರ ಮಕ್ಕಳು ಅವರಿಗೆ! ನನ್ನ ಮಗಳು ನನಗೆ ಬೇಡ್ವೇನೇ?"

"ನಾನೂ ಬದುಕ್ಬೇಕು ಅವ್ವಾ. ಬೆಂಕಿ ಅಂದ್ರೆ ನನಗೂ ಭಯ. ಆದ್ರೂ ನಾಳೆ ನೀನು ದೂರ ನಿಂತು ಕೈ ಮುಗಿ. ಇವತ್ತು ತಲೆ ಬಾಚು."

ಬೊಮ್ಮಕ್ಕ ಬಾಚಿದಳು. ಬಾಚಣಿಗೆ ಇರಲಿಲ್ಲ, ಬೆರಳಲ್ಲೇ ಸಿಕ್ಕು ಬಿಡಿಸಿದಳು. ಈ ಸಲ ನೋಯ್ತದೆ ಅಂತ ಮಾಳಿ ಅನ್ನಲಿಲ್ಲ, ಸುಮ್ಮನೆ ಕೂರು ಅಂತ ತಾಯಿ ಬೈಯಲಿಲ್ಲ.

ಮಾರನೆ ದಿನ ಹೊಳೆಯ ಎರಡೂ ದಡದಲ್ಲಿ ಜನ ಸೇರಿದರು. ಆಚೆ ದಡದಲ್ಲಿ ಸೌದೆ ಒಟ್ಟಿತ್ತು. ಗುರು ಬೊಮ್ಮಕ್ಕನನ್ನ ಮುಂದೆ ಕರೆದ. "ಮುಟ್ಟಮ್ಮ ಮಗಳನ್ನ." ಬೊಮ್ಮಕ್ಕ ಒಂದು ಹೆಜ್ಜೆ ಇಟ್ಟಳು. ಕೈ ಮುಂದೆ ಬಂತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಮಗಳ ಕೆನ್ನೆ ಸಿಗ್ತಿತ್ತು. ಮಾಳಿ ತಾಯಿಯನ್ನೇ ನೋಡಿದಳು. ಬೊಮ್ಮಕ್ಕ ನಿಂತಳು, ಎರಡೂ ಕೈ ಜೋಡಿಸಿದಳು.

"ತಾಯೇ," ಅಂದಳು. ಮುಂದಿನ ಮಾತು ಅವಳ ಬಾಯಿಂದ ಹೊರಡಲಿಲ್ಲ.

ಹೆತ್ತವಳು ಹೀಗೂ ಮಾಡ್ತಾಳಾ ಅಂತ ಕೇಳ್ತೀರಿ. ನಾನೂ ಕೇಳ್ಕೊಂಡಿದ್ದೀನಿ.

ಮಾಳಿಯನ್ನ ಸುಟ್ಟರು. ಈಚೆ ದಡದ ಜನ ಅದನ್ನ ನೋಡಿ ಹೊಳೆಗೆ ಹಾರಿದರು, ಈಜಿ ಹೋಗಿ ಬಡಿದರು, ಆಚೆ ದೊರೆ ದಂಡೆ ಬಿಟ್ಟು ಓಡಿದ, ಮತ್ತೆ ಹೊಳೆ ಕಡೆ ತಿರುಗಿ ನೋಡಲಿಲ್ಲ. ಅರಸ ಅದೇ ಜಾಗದಲ್ಲಿ ಗುಡಿ ಕಟ್ಟಿಸಿ ಮಾಳಿಯ ಕಲ್ಲು ನಿಲ್ಲಿಸಿದ. ಹೂವಂತೆ, ಕಾಯಂತೆ, ಹರಕೆಯಂತೆ! ಬಂದವರೆಲ್ಲ ದೂರ ನಿಂತು ಕೈ ಮುಗಿದು ಹೋದರು.

ಬೊಮ್ಮಕ್ಕ ಬಾಯಿ ಬಿಡಲಿಲ್ಲ. ಆ ಸತ್ತವರ ಅವ್ವಂದಿರು ಒಬ್ಬೊಬ್ಬರಾಗಿ ಮಣ್ಣಾಗೋವರೆಗೂ ಕಾದಳು. ಕೊನೆಯವಳನ್ನೂ ಮಣ್ಣು ಮಾಡಿದ ದಿನ ಎಣ್ಣೆ, ಬಾಚಣಿಗೆ, ಚೊಂಬು ಹಿಡಿದು ಗುಡಿಗೆ ಬಂದಳು. ಸೀದಾ ಒಳಗೆ ನಡೆದಳು.

"ಮುಟ್ಟಬೇಡಜ್ಜಿ!" ಪೂಜಾರಿ ಕೂಗಿದ. "ದೇವಿ ಅದು!"

"ದೇವಿಗೆ ನಾನು ಕೈ ಮುಗಿದಿದ್ದು ಸಾಕು ಕಣಪ್ಪ. ಇವಳು ನನ್ನ ಮಗಳು," ಅಂದಳು. ಸೇರಿದ ಹೆಂಗಸರಿಗೆ ಸೆರೆಮನೆ ಮಾತೆಲ್ಲ ಹೇಳಿದಳು. ಹೇಳ್ತಾ ಹೇಳ್ತಾ ಕಲ್ಲಿನ ತಲೆಗೆ ಎಣ್ಣೆ ಹಚ್ಚಿದಳು, ಅರಿಶಿನದ ನೀರು ಚಿಮುಕಿಸಿದಳು. ಮಾಳೀ ಅಂದಳು. ಮಾಳೀ ಅಂದಳು. ಮಾಳೀ ಅಂದಳು. ಓ ಅನ್ನೋಕೆ ಅಲ್ಲಿ ಯಾರಿದ್ದರು?

ಅವತ್ತಿಂದ ಆ ನಾಡಲ್ಲಿ ಪದ್ಧತಿ ಬದಲಾಯ್ತು. ಮಗಳ ಮೈಮೇಲೆ ದೇವರು ಬಂದರೆ ಹೆತ್ತವಳು ಮೊದಲು ಹೋಗಿ ತಬ್ಕೋತಾಳೆ, ಕೈ ಮುಗಿಯೋದು ಆಮೇಲೆ. ಬಂದಿರೋದು ದೇವರಾದರೆ ಕೋಪ ಮಾಡ್ಕೊಳ್ಳಲ್ಲ. ಮಗಳೇ ಆಗಿದ್ದರೆ, ಪಾಪ, ಕಾಯ್ತಿರ್ತಾಳೆ.

ಕಥೆ ನನ್ನ ಬಾಯಿಂದ ಇಳೀತು, ನಿಮ್ಮ ಮಡಿಲಿಗೆ ಬಿತ್ತು. ಎದ್ದು ಹೋಗೋ ಮುಂಚೆ ಅಲ್ಲಿರೋ ಕೂಸಿನ ತಲೆ ಒಂದು ಸಲ ಸವರಿ.