ದಂಡಿನಿಂದ ಬಂದ ಮರಿ

ಅಲ್ಲ ಅತ್ತೆಮ್ಮ, ಕಾಲ್ ಯಾಕ್ ಮೇಲಕ್ಕೆತ್ಕೊಂಡ್ರಿ? ಕಟ್ಟಾಕೈತೆ ಕಣಮ್ಮ ಅದು! ಅಗೋ, ಹಿತ್ಲ ಬಾಗಿಲಾಚೆ, ಕಲ್ಲುಕಂಬಕ್ಕೆ. ಸರಪಣಿ ಇಲ್ಲಿಗೆ ಎಟುಕಲ್ಲ. ಕೂತ್ಕೊಳ್ರಿ... ಕೂತ್ಕೊಳ್ರಿ.

ಹೂಂ. ಗೊತ್ತು. ಹೆತ್ತ ಮಗನ್ನ ಕೊಂದ ನಾಯಿ. ಅದರ ಮುಂದೆ ಕೂತು, ನನ್ ಕೈಲಿ ನೀರು ಈಸ್ಕೊಂಡು ಕುಡೀರಿ ಅಂದ್ರೆ ಹೆಂಗ್ ಇಳೀತದೆ ಗಂಟಲಲ್ಲಿ! ಬ್ಯಾಡ ಬುಡ್ರಿ. ಲೋಟ ಅಲ್ಲೇ ಇರ್ಲಿ.

ಎಲ್ರೂ ಸಮಾಧಿಗೆ ಹಾಲುತುಪ್ಪ ಬುಡಾಕೆ ಹೋಗವ್ರೆ, ಬರೋದು ಹೊತ್ತಾಯ್ತದೆ. ಅಷ್ಟರೊಳಗೆ ಪೊಲೀಸು ದಫೇದಾರ್ರು ಕೋವಿ ತಗೊಂಡು ಬತ್ತಾರೆ. ಯಾಕೆ ಅಂತ ಕೇಳ್ತೀರಾ? ಇದಕ್ಕೆ ಗುಂಡು ಹೊಡ್ಯಾಕೆ! ಮನುಷ್ಯನ್ನ ಕೊಂದ ನಾಯೀನ ಊರೊಳಗೆ ಇಟ್ಕೊಂಬಾರ್ದು ಅಂತ ಹೇಳಿ ಹೋದ್ರು. ಅದಕ್ಕೇ ಅತ್ತೆಮ್ಮ... ಒಂದೇ ಒಂದು ಬೇಡ್ಕೋತೀನಿ. ಸತ್ತೋರ ತಾಯಿ ನೀವು. "ಬ್ಯಾಡಪ್ಪ, ಮೂಕ ಪ್ರಾಣಿ, ಮಿಡಿಗೇಶಿ ಕಡೆ ಯಾವುದಾದ್ರೂ ಕುರಿಹಟ್ಟಿಗೆ ಅಟ್ಬುಡ್ರಿ" ಅಂತ ನೀವಂದ್ರೆ ಅವ್ರು ಇಲ್ಲ ಅನ್ನಲ್ಲ. ನನ್ ಮಾತು ಯಾರು ಕೇಳ್ತಾರೆ?

ತಲೆ ಆಡಿಸ್ತೀರಾ? ಪೂರಾ ಕೇಳ್ರಿ, ಆಮೇಲೆ ಆಡಿಸ್ರಿ. ನೀವು ದೊಡ್ಡೇರೀಲಿ ಮಗಳ ಮನೇಲಿದ್ರಿ. ಇಲ್ಲೇನು ನಡೀತು ಅಂತ ನೀವೇನು ಕಂಡೀರಿ!

ತಂದೋರ್ಯಾರು ಇದನ್ನ? ನಾನಾ? ನಿಮ್ ಮಗ! ಬೆಂಗಳೂರು ದಂಡಲ್ಲಿ, ಆ ಸಿಪಾಯಿಗಳ ಪಾಳ್ಯದಲ್ಲಿ, ಯಾರೋ ಬಿಳಿ ಕಪ್ತಾನ ಬರ್ಮಾ ಯುದ್ಧಕ್ಕೆ ಹೊಂಟನಂತೆ, ಅವನ ಬಂಗಲೆ ನಾಯಿ ಮರಿ ಹಾಕಿತ್ತಂತೆ. ಬಿದಿರು ಮಂಕರೀಲಿ ಇಟ್ಕೊಂಡು, ಇದ್ದಲು ಉರಿಸಿ ಓಡ್ಸೋ ಬಸ್ಸಲ್ಲಿ ಬಂದ್ರು. ಮರಿ ಮೈಯೆಲ್ಲ ಮಸಿ, ಇವರ ಮೈಯೆಲ್ಲ ಮಸಿ. ನಗ್ತಾ ಇದ್ರು ಕಣಮ್ಮ ಅವತ್ತು! "ಲೇ ಗಂಗಿ, ಇದು ಬೆಳೆದ್ರೆ ಕರೂನಷ್ಟು ಆಯ್ತದೆ ಕಣೆ. ರಾಗಿ ಮಂಡಿ ಬಾಗಿಲಿಗೆ ಕಟ್ತೀನಿ. ಒಬ್ಬ ನನ್ಮಗ ಮೂಟೆಗೆ ಕೈ ಹಾಕ್ಲಿ, ನೋಡಾನ!" ಅಂದ್ರು. ರೈತರು ಬೆಳೆದ ರಾಗೀನ ಸರ್ಕಾರ ಲೆವಿ ಅಂತ ಅಳ್ಕೊಂಡು ಹೋದ ವರ್ಷ ಅಲ್ವಾ. ಊರು ಹಸ್ಕೊಂಡಿತ್ತು, ನಮ್ಮ ಮಂಡಿ ತುಂಬಾ ಮೂಟೆ. ನಿಮ್ ಮಗಂಗೆ ಯಾರ ಮುಖ ಕಂಡ್ರೂ ಕಳ್ಳನ ಮುಖಾನೇ.

ಸಾಕಿದ್ದು ನಾನು. ಹೂಂ, ನಾನೇ. ನಾಯಿ ಮುಟ್ಟಿ ದೇವರ ಮನೆಗೆ ಹೋಗ್ತಾಳೆ ಅಂತ ಬೀದಿಯೋರು ಮೂಗು ಮುರಿದ್ರು. ಮುರೀಲಿ! ನಮ್ಮ ಮನೇಲಿ ಮಾಂಸ ಎಲ್ಲಿಂದ ತರ್ಲಿ? ರಾಗಿ ಅಂಬಲಿ, ಮಜ್ಜಿಗೆ, ಹಾಲು. ಒಂದೇ ಸಲಕ್ಕೆ ಹೊಟ್ಟೆ ತುಂಬಾ ಇಟ್ರೆ ಕಕ್ಕೋದು, ಅದಕ್ಕೆ ಸ್ವಲ್ಪ ಸ್ವಲ್ಪ, ಆಗಾಗ. ಕಾಲು ನೋಡಿ ಭಯ ಆಗಿತ್ತು ನಂಗೆ. ಮೈಗಿಂತ ಮುಂಚೆ ಪಾದ ಬೆಳೀತಲ್ಲ! ಭಾರಕ್ಕೆ ಕಾಲು ಸೊಟ್ಟಗಾಗ್ತಾ ಬಂತು. ಮೆಟ್ಲು ಹತ್ತಾಕೆ, ಜಗಲಿಯಿಂದ ನೆಗೆಯಾಕೆ ಬುಡ್ತಿರ್ಲಿಲ್ಲ, ಎತ್ತಿ ಇಳಿಸ್ತಿದ್ದೆ. ಬೆಳಗ್ಗಿನ ಬಿಸಿಲಲ್ಲಿ ಮಲಗಿಸಿ ಕಾಲಿಗೆ ಎಣ್ಣೆ ಹಚ್ಚಿ ನೀವ್ತಿದ್ದೆ. ತಿಂದ ತಕ್ಷಣ ಹಿತ್ಲಿಗೆ ಎತ್ಕೊಂಡು ಓಡ್ತಿದ್ದೆ, ಅಲ್ಲೇ ಮಾಡ್ಲಿ ಅಂತ. ನಾಕು ದಿನ ತಪ್ಪು ಮಾಡ್ತು, ಆಮೇಲೆ ತಾನೇ ಬಾಗಿಲ ಹತ್ರ ಹೋಗಿ ನಿಂತ್ಕೊಂಡು ನನ್ನ ನೋಡೋದು.

ಯಾಕೆ ಅಂಗೆ ನೋಡ್ತೀರಿ? ಮಗು ಸಾಕಿದಂಗೆ ಹೇಳ್ತಾಳೆ ಅಂತಾನಾ?

ಅಂಗೇ ಅನ್ಕೊಳ್ರಿ. ಆ ವರ್ಷಾನೇ ನನ್ನ ಹೊಟ್ಟೇಲಿದ್ದದ್ದು ಹೋಗಿತ್ತಲ್ಲ. ಬಚ್ಚಲಲ್ಲಿ ಜಾರಿ ಬಿದ್ಲು ಅಂತ ನಿಮಗೆ ಹೇಳ್ಕಳಿಸಿದ್ರು. ನಾನು ಜಾರ್ಲಿಲ್ಲ ಅತ್ತೆಮ್ಮ... ಹೋಗ್ಲಿ ಬುಡ್ರಿ. ಸತ್ತೋರ ಮಾತು.

ಮೂರು ತಿಂಗಳು ಅವರು ಅದರ ಕಡೆ ತಿರುಗಿ ನೋಡ್ಲಿಲ್ಲ. ಬೆನ್ನು ನನ್ನ ಮೊಣಕಾಲಿಗೆ ಬಂದಾಗ, "ಇನ್ನ ಇದು ನಂದು" ಅಂದ್ರು. ಮಂಡಿಯಿಂದ ಚಾಟಿ ತಂದ್ರು, ಗಾಡಿ ಹೊಡೆಯೋ ಚಾಟಿ. ನಾಯಿ ಕಲೀಬೇಕು ಅಂದ್ರೆ ಭಯ ಇರ್ಬೇಕಂತೆ. ಮೊದಲು ಊಟ ನಿಲ್ಲಿಸಿದ್ರು. ಹಸಿದ್ರೆ ಸಿಟ್ಟು ಬತ್ತದಂತೆ. ನಾನು ಕದ್ದು ಇಟ್ಟೆ. ಸಿಕ್ಕಾಕೊಂಡೆ... ಅವತ್ತು ಇಬ್ರಿಗೂ ಬಿತ್ತು. ಮೊದಲು ಅದಕ್ಕೆ, ಆಮೇಲೆ ನಂಗೆ, ಅದೇ ಚಾಟೀಲಿ. ಆಮೇಲೆ ಗೋಣಿಚೀಲಕ್ಕೆ ಹುಲ್ಲು ತುಂಬಿ ಆಳಿನಂಗೆ ನಿಲ್ಲಿಸಿದ್ರು. "ಹಿಡಿ! ಹಿಡಿ!" ಅದು ಹೋಗಿ ಮೂಸಿ, ಬಾಲ ಅಲ್ಲಾಡಿಸ್ತು. ಮೂಗಿಗೆ ಖಾರದ ಪುಡಿ ಬಳಿದ್ರು ಅತ್ತೆಮ್ಮ! ನೆಲಕ್ಕೆ ಮೂತಿ ಉಜ್ಜಿ ಉಜ್ಜಿ ರಕ್ತ ಬಂತು. ಇನ್ನೊಂದು ದಿನ ಬಾಲ ಅಲ್ಲಾಡಿಸ್ತಲ್ಲ ಅಂತ ಬಾಲಕ್ಕೇ ಕಾಯ್ಸಿದ ಸೌಟು ಇಟ್ರು. ಸುಟ್ಟ ಕೂದ್ಲು ವಾಸನೆ ಅಡಿಗೆಮನೆ ತುಂಬಾ ಇತ್ತು. ನಾನು ಆ ಸೌಟಲ್ಲೇ ಅವತ್ತು ಸಾರು ಬಡಿಸ್ದೆ. ಅವರು ಉಂಡ್ರು.

ಅಳ್ತಿದ್ದೀರಾ? ಇಲ್ವಾ... ಕಣ್ಣಿಗೆ ಏನೋ ಬಿತ್ತಾ. ಹೂಂ.

ನಂಗೆ ಗೊತ್ತು, ನಿಮಗೆ ಇದು ಹೊಸದಲ್ಲ. ಹೋದ ಯುಗಾದೀಲಿ ದೊಡ್ಡೇರಿಗೆ ಬಂದಾಗ ನಿಮಗೆ ಎಣ್ಣೆ ನೀರು ಹಾಕಿದ್ದು ನಾನೇ ಅಲ್ವಾ? ಬೆನ್ನ ಮೇಲಿರೋ ಬರೆ ಕಂಡೆ. ಮಾವನೋರದ್ದು. ಕೇಳ್ಲಿಲ್ಲ ನಾನು. ನೀವೂ ಹೇಳ್ಲಿಲ್ಲ. ಸೆರಗು ಹೊದ್ಕೊಂಡ್ರಿ... ಈಗ ಹೊದ್ಕೊಂಡಂಗೇ.

ಸರಿ ಸರಿ, ಕೋಪ ಮಾಡ್ಕೋಬ್ಯಾಡ್ರಿ. ಸೋಮವಾರದ್ದು ಹೇಳ್ತೀನಿ. ಅದನ್ನೇ ಅಲ್ವಾ ಕೇಳಾಕೆ ನೀವು ಕೂತಿರೋದು.

ಸೋಮವಾರ ಬೆಳಗ್ಗೆ ಮಂಡಿ ಹಮಾಲಿ ಬೈರಪ್ಪನ್ನ ಕರ್ಕೊಂಡು ಬಂದ್ರು. ಅವನ ಮೈಗೆ ಗೋಣಿ ಸುತ್ತಿ, "ಓಡಲಾ, ಹಿತ್ಲ ಸುತ್ತಾ ಓಡು" ಅಂದ್ರು. ಸರಪಣಿ ಬಿಚ್ಚಿದ್ದು ಅವರೇ ಅತ್ತೆಮ್ಮ, ಬೈರಪ್ಪನ್ನ ಕೇಳ್ರಿ! ನಾಯಿ ಓಡ್ತು, ಹಾರ್ತು, ಬೈರಪ್ಪನ್ನ ಕೆಡವ್ತು... ಕೆಡವಿ ಅವನ ಮುಖ ನೆಕ್ತು! ಬೈರಪ್ಪ ಬಿದ್ದು ಬಿದ್ದು ನಕ್ಕ. ನಕ್ಕಿದ್ದೇ ತಪ್ಪಾಯ್ತು. ನಿಮ್ ಮಗನ ಮುಖ ನೋಡಿ ಅವನು ಗೋಣಿ ಕಿತ್ತೆಸೆದು ಓಡೋದ.

ಆಮೇಲೆ ಶುರು ಆಯ್ತು. ಚಾಟಿ ತುಂಡಾಗೋಗಂಟ ಹೊಡುದ್ರು. ಆಮೇಲೆ ಸರಪಣೀಲಿ. ಒಂದು ಕಣ್ಣು ಊದ್ಕೊಂಡೈತಲ್ಲ, ಅದು ಆಗ ಆಗಿದ್ದು. ಅದು ತಿರುಗಿ ಗುರ್ ಅನ್ಲಿಲ್ಲ ಕಣಮ್ಮ! ಉಚ್ಚೆ ಹೊಯ್ಕೊಂಡು, ಹೊಟ್ಟೆ ಎಳ್ಕೊಂಡು ಬಂದು ನನ್ನ ಸೀರೆ ಹಿಂದೆ ಬಚ್ಚಿಟ್ಕೊಂಡ್ತು. ಕರೂನಷ್ಟು ನಾಯಿ! "ಇದನ್ನ ಹೇತಲಾಂಡಿ ಮಾಡ್ದೋಳೇ ನೀನು" ಅಂದ್ರು. ಸರಪಣಿ ನನ್ನ ಭುಜಕ್ಕೆ ಬಂತು. ಆಮೇಲೆ ಜುಟ್ಟು ಹಿಡಿದ್ರು. ಒರಳುಕಲ್ಲಿಗೆ... ಇಲ್ಲಿ ನೋಡ್ರಿ, ಹಣೆ ಮೇಲೆ. ಒಂದು ಸಲ. ಎರಡನೇ ಸಲ. ಮೂರನೇದಕ್ಕೆ ತಲೆ ಹಿಂದಕ್ಕೆ ಎಳೆದಾಗ ಅದು ನೆಗೀತು.

ಮೊದಲು ತೋಳು ಹಿಡೀತು. ಮೂಳೆ ಮುರಿದಿದ್ದು ನಂಗೆ ಕೇಳಿಸ್ತು. ಅವರು ಬಿದ್ರು. ಬಿದ್ಮೇಲೆ ಕತ್ತು ಸಿಕ್ತು.

ನಾನು ಸುಮ್ನಿದ್ನಾ? ಕಿರುಚಿದೆ! ಬಾಲ ಹಿಡಿದು ಎಳ್ದೆ! ಒನಕೆ ತಗೊಂಡು ಹೊಡ್ದೆ! ಅದು ಯಾರ ಮಾತೂ ಕೇಳಲ್ಲ ಅತ್ತೆಮ್ಮ, ರೋಷ ಬಂದ್ರೆ ನನ್ನೂ ಗುರುತು ಹಿಡಿಯಲ್ಲ. ದಫೇದಾರ್ರಿಗೂ ಇದನ್ನೇ ಹೇಳ್ದೆ. ಬರ್ಕೊಂಡ್ರು. ಕೊಡದ ನೀರು ಸುರುದೆ...

ಏನು? ಕೊಡ ಒಳಗಿತ್ತಾ? ಒಳಗಿಂದ ತಂದೆ. ಹೂಂ, ತಂದೆ, ಓಡೋಗಿ... ನೆಪ್ಪಿಲ್ಲ ನಂಗೆ, ಮುಂಚೆ ಸುರುದ್ನೋ ಆಮೇಲೆ ಸುರುದ್ನೋ!

ಯಾಕೆ ಅದರ ಬೆನ್ನು ಅಂಗೆ ನೋಡ್ತೀರಿ? ಒನಕೆ ಏಟಾ? ಇರ್ಬೇಕು... ಅಲ್ಲೆಲ್ಲೋ ಇರ್ಬೇಕು. ಚಾಟಿ ಬರೆ ಅಷ್ಟಿದ್ಮೇಲೆ ಒನಕೆ ಗುರುತು ಎಲ್ಲಿ ಕಾಣ್ತದೆ!

ಓ. ಪಕ್ಕದ ಮನೆ ಸರೋಜಮ್ಮ ನಿಮ್ಮ ಕಿವೀಲಿ ಊದವ್ಳೆ. ಏನಂದ್ಲು? ಅವರ ಕೂಗು ಕೇಳಿಸ್ತು, ಇವಳ ಕೂಗು ಕೇಳಿಸ್ಲಿಲ್ಲ ಅಂದ್ಲಾ? ಆಹಾ! ಏಳು ವರ್ಷದಿಂದ ಗೋಡೆ ಆಚೆ ಅವಳೇ. ನನ್ನ ಕೂಗು ಈ ಬೀದಿಗೆ ಯಾವತ್ತು ಕೇಳೈತೆ ಅತ್ತೆಮ್ಮ? ಯಾವತ್ತು ಒಬ್ರಾದ್ರೂ ಬಾಗಿಲು ತಟ್ಟಿದ್ರು? ಸೋಮವಾರ ಅವರು ಕೂಗಿದ್ರು ನೋಡ್ರಿ, ಇಡೀ ಪೇಟೆ ಓಡ್ಬಂತು!

ತಪ್ಪಾಯ್ತು. ದನಿ ಎತ್ತಬಾರದಿತ್ತು. ನಿಮ್ ಮುಂದೆ...

ಎಲ್ಲಿಗೆ ಎದ್ರಿ? ಅತ್ತೆಮ್ಮ, ಹಿತ್ಲಿಗೆ ಹೋಗ್ಬ್ಯಾಡ್ರಿ. ನಿಮಗೆ ನೋಡ್ಬೇಕು ಅಂದ್ರೆ ನಾನೇ... ಆ ಒನಕೆ ಯಾಕೆ? ಒನಕೆ ಇಡ್ರಿ ಕೆಳಗೆ. ದಫೇದಾರ್ರು ಬತ್ತಾರಲ್ಲ, ಅವರೇ ಮಾಡ್ತಾರಲ್ಲ, ನಿಮ್ಮ ಕೈಯಾರ ಯಾಕೆ? ಅತ್ತೆಮ್ಮಾ! ಹತ್ರ ಹೋಗ್ಬ್ಯಾಡ್ರಿ, ಅದು ನಿಮ್ಮನ್ನ ಕಂಡಿಲ್ಲ, ನಿಮ್ಮ ವಾಸನೆ ಗೊತ್ತಿಲ್ಲ ಅದಕ್ಕೆ!

ಅಯ್ಯೋ ಹೊಡೀಬ್ಯಾಡ್ರಿ! ತಲೆಗೆ ಬ್ಯಾಡ... ಸಾಕು! ಸಾಕು ಅತ್ತೆಮ್ಮ, ಅದು ಮಲಗ್ತೈತೆ ನೋಡ್ರಿ, ಹೊಟ್ಟೆ ತೋರ್ಸ್ತೈತೆ, ಸೋತೆ ಅಂತೈತೆ! ಮತ್ತೆ ಎತ್ತಬ್ಯಾಡ್ರಿ! ಆ ಊದಿರೋ ಕಣ್ಣಿಗೆ... ಅಯ್ಯೋ! ಕೈ! ಅಯ್ಯೋ ಅತ್ತೆಮ್ಮ ಕೈ, ಎಳ್ಕೋಬ್ಯಾಡ್ರಿ, ಎಳುದ್ರೆ ಹರೀತದೆ...

ಬುಡು.

ಬುಡು ಮರಿ.

ಹಾಂ... ಬುಡ್ತು. ಬುಡ್ತು ಕಣಮ್ಮ. ಬನ್ರಿ ಈಚೆ. ನಿಧಾನ. ಈ ಗೋಡೆಗೆ ಒರಗ್ರಿ. ತೋರ್ಸ್ರಿ ಕೈ... ಆಳಕ್ಕಿಲ್ಲ, ಶಿವ ಕಾಪಾಡಿದ, ಹಲ್ಲು ಊರಿದ್ದಷ್ಟೇ. ತಾಳ್ರಿ, ಅರಿಶಿನ ತತ್ತೀನಿ. ಸೆರಗು ಹರಿದು ಕಟ್ತೀನಿ. ಬಿಗಿ ಆಯ್ತಾ? ಅತ್ತೆಮ್ಮ, ಬಿಗಿ ಆಯ್ತಾ?

ಕೈ ಯಾಕೆ ನೋಡ್ತಿಲ್ಲ ನೀವು?

ನನ್ನ ಬಾಯಿ ಯಾಕೆ ನೋಡ್ತಿದ್ದೀರಿ?

ಅದು... ಅಪ್ಪಿತಪ್ಪಿ ಬುಡ್ತು. ಒಂದೊಂದು ಸಲ ಬುಡ್ತದೆ. ನಿಮ್ಮ ಕೈ ಸಣ್ಣದಲ್ವಾ, ಹಿಡಿತ ಜಾರ್ತು. ಇಲ್ಲಾಂದ್ರೆ ಅದು ಯಾರ ಮಾತೂ...

ಹೋಗು! ಸರಪಣಿ ಎಟುಕೋಗಂಟ ಬಂದು ಯಾಕೆ ಕೂತೆ ನನ್ ಮುಂದೆ! ಹೋಗಲೇ! ಇಲ್ಲ ಬೆಲ್ಲ! ನೋಡು, ಎರಡು ಕೈಲೂ ಇಲ್ಲ!

...

ಮರಿ ಇದ್ದಾಗ ಕಲ್ಸಿದ್ದೆ ಅತ್ತೆಮ್ಮ. ಸಿಕ್ಕಿದ್ದೆಲ್ಲಾ ಕಚ್ಕೊಂಡು ಓಡೋದು. ಇವರ ಮೆಟ್ಟು, ನನ್ನ ರವಿಕೆ, ಬಾವಿ ಹಗ್ಗ. ಹಿಂದೆ ಓಡಿದ್ರೆ ಆಟ ಅನ್ಕೊಂಡು ಇನ್ನೂ ಬಿಗಿ ಹಿಡಿಯೋದು. ಅದಕ್ಕೆ ಎಳೀತಿರ್ಲಿಲ್ಲ ನಾನು, ಹೊಡೀತಿರ್ಲಿಲ್ಲ. ಒಂದು ಚೂರು ಬೆಲ್ಲ ಹಿಡ್ಕೊಂಡು ಮೆತ್ತಗೆ "ಬುಡು" ಅನ್ನೋದು. ಬುಡ್ತಿತ್ತು. ಆಮೇಲೆ ಬೆಲ್ಲ ಇಲ್ದಿದ್ರೂ ಬುಡ್ತಿತ್ತು. ಒಂದು ಸಲ ಅಳಿಲು ಹಿಡಿದಿತ್ತು, ಜೀವ ಇತ್ತು. ಅದನ್ನೂ ಬುಡ್ತು. ಮರ ಹತ್ತಿ ಹೋಯ್ತು ಅಳಿಲು.

ಏನಾದ್ರೂ ಅನ್ರಿ. ಬೈಯ್ರಿ. ಒನಕೆ ಅಲ್ಲೇ ಬಿದ್ದೈತೆ, ತಗೊಂಡು ನಂಗೆ ಹೊಡೀರಿ. ಇಂಗೆ ಸುಮ್ನೆ ಕೂರ್ಬ್ಯಾಡ್ರಿ ಕಣಮ್ಮ, ನನ್ನ ಕೈಲಿ ಆಗಲ್ಲ!

ಬಾಗಿಲು ಬಡೀತಾವ್ರೆ. ದಫೇದಾರ್ರು ಇರ್ಬೇಕು. ಬಡೀಲಿ.

ನಿಮ್ ಮಗಂಗೂ ಗೊತ್ತಿತ್ತು ಅತ್ತೆಮ್ಮ. ನಾನು ಕಲ್ಸೋದನ್ನ ಜಗಲಿ ಮೇಲೆ ಕೂತು ನೋಡಿದ್ರಲ್ಲ, ನಕ್ಕಿದ್ರಲ್ಲ. ಕೆಳಗೆ ಬಿದ್ದಾಗ, ಇನ್ನೂ ತೋಳೇ ಅದರ ಬಾಯಲ್ಲಿದ್ದಾಗ, ನನ್ನನ್ನೇ ನೋಡಿದ್ರು. "ಗಂಗೀ... ಹೇಳೇ" ಅಂದ್ರು. ಗದರ್ಲಿಲ್ಲ, ಬೇಡ್ಕೊಂಡ್ರು. ನಿಮ್ ಮಗ ನನ್ನ ಹತ್ರ ಬೇಡ್ಕೊಂಡಿದ್ದು ಅದೊಂದೇ ಸಲ. ನಾನು ಒರಳುಕಲ್ಲಿಗೆ ಒರಗಿ ಕೂತಿದ್ದೆ, ಹಣೆಯಿಂದ ರಕ್ತ ಬಾಯಿಗೆ ಇಳೀತಿತ್ತು. ಬಾಯಿ ಬಿದ್ದಿರ್ಲಿಲ್ಲ ನಂದು. ಒಂದು ಸಲ, ಈಗ ಅಂದಷ್ಟೇ ಮೆತ್ತಗೆ ಅಂದಿದ್ರೆ ಸಾಕಿತ್ತು.

ನಿಮಗೆ ಅಂದೆ ಅತ್ತೆಮ್ಮ. ಅವರಿಗೆ ಅನ್ಲಿಲ್ಲ.