ಭಂಡಾರ ಮುಟ್ಟದ ಕೈ

ಮತ್ತ ನಡಕ ಬಾಯಿ ಹಾಕಿದಿ ನೋಡು! ಒಂದ ಮಾತ ಪೂರಾ ಹೇಳಾಕ ಬಿಡ್ತಿಯೇನ ನನಗ? ಸಾಲ್ಯಾಗ ಯಾವಳೋ ‘ನಿಮ್ಮಪ್ಪ ಟ್ರಕ್ ಹಾಯಿಸಿ ಮನಷ್ಯಾನ ಕೊಂದಾನ’ ಅಂದಳಂತ, ಅಳಕೋತ ಬಂದಾಕಿ ನೀನ. ಈಗ ಕೇಳು ಅಂದ್ರ ‘ಅವ್ವಾ ನೀರು, ಅವ್ವಾ ಶೇಂಗಾ’. ಇಬ್ರೂ ಕುಂದರ್ರಿ ಕಟ್ಟಿ ಮ್ಯಾಲ. ಕೈ ಶೇಂಗಾ ಸುಲೀಲಿ, ಬಾಯಿ ಮುಚ್ಚಿರಲಿ.

ಎಲ್ಲಿದ್ನಿ? ಹಾಂ, ದಾಳಿಂಬ್ರಿ ಟ್ರಕ್ಕು. ಆವಾಗ ನಿಮ್ಮಪ್ಪ ಮಾಲಕನ ಗಾಡಿ ಹೊಡೀತಿದ್ದ. ಆ ದಿನ ವಳಸಂಗ ಊರಾಗ ಮಾಲು ತುಂಬಿಕೊಂಡು ಹೊಂಟಾಗ ಮಾಲಕನ ಮಗಾನೂ ಹತ್ತಿದ್ದ. ಅವಗ ಮೀಸಿ ಇನ್ನಾ ಬಂದಿರಲಿಲ್ಲ, ಅಲ್ಲಲ್ಲ, ಮೀಸಿ ಬಂದಿತ್ತು, ಲೈಸನ್ಸ ಬಂದಿರಲಿಲ್ಲ. ‘ಮಾಮಾ, ಆ ಕಡಿ ಸರಿ, ನಾ ಹೊಡೀತೀನಿ’ ಅಂದ. ಪಗಾರ ಕೊಡಾವನ ಮಗಗ ಬ್ಯಾಡ ಅನ್ನೂದು ಹೆಂಗ? ನಿಮ್ಮಪ್ಪ ಸರದ. ಅಲ್ಲೇ ತಪ್ಪಿದ್ದು ನೋಡ್ರಿ. ತಿರುವಿನ್ಯಾಗ ಸೈಕಲ್ ಮ್ಯಾಲ ಹೊಂಟಿದ್ದ ಬೆಳುಂಕಿ ಊರಿನ ಮನಷ್ಯಾಗ ಗಾಡಿ ಬಡೀತು. ಹುಡುಗ ಜಿಗದು ಹೊಲದಾಗ ಬಿದ್ದು ಓಡಿದ. ನಿಮ್ಮಪ್ಪ ಓಡಲಿಲ್ಲ, ಗೊತ್ತಾತಿಲ್ಲ? ಆ ಮನಷ್ಯಾನ ಎತ್ತಿ ಯಾರದೋ ಜೀಪಿನ್ಯಾಗ ಹಾಕ್ಕೊಂಡು ದವಾಖಾನಿಗೆ ಒಯ್ದ. ದಾರ್ಯಾಗ ಜೀವ ಹ್ವಾತು. ಪೋಲೀಸರು ‘ಹೇಳಿಕಿ ಕೊಡಾಕ ನಾಳಿ ಬಾ’ ಅಂದು ಕಳಸಿದ್ರು.

ಮುಂಜಾನಿ ಚಾ ಕುದಿಯೂದ್ರಾಗ ಮಾಲಕ ಬಂದ, ಮಗನ್ನ ಹಿಂದ ನಿಂದ್ರಿಸ್ಕೊಂಡು. ಕೈಯಾಗ ತಾಟು, ತಾಟಿನ್ಯಾಗ ಭಂಡಾರ. ಕುರಿ ಕಾಯೂ ನಮ್ಮ ಮಂದ್ಯಾಗ ದೇವರ ಆ ಅರಿಶಿಣ ಪುಡಿ ಮುಟ್ಟಿ ಮಾತು ಕೊಟ್ರ ಜೀವ ಹೋದ್ರೂ ತಿರಗಂಗಿಲ್ಲ. ಅದು ಮಾಲಕಗ ಚಲೋ ಗೊತ್ತು. ‘ಗಾಡಿ ನಾನ ಹೊಡೀತಿದ್ನಿ ಅಂತ ಹೇಳ್ತೀನಿ ಅಂದು ಮುಟ್ಟಪಾ. ನಿನಗ ಲೈಸನ್ಸ ಐತಿ, ವಿಮಾದವರು ಸತ್ತವನ ಮನಿಗೆ ರೊಕ್ಕ ಕೊಡ್ತಾರ. ನನ್ನ ಮಗನ ಹೆಸರು ಬಂದ್ರ ಆ ರೊಕ್ಕ ನಾನ ಕೊಡಬೇಕಾಗ್ತೈತಿ, ನನ್ನ ಹೊಲಾ ಮನಿ ಹೋಗ್ತಾವ. ನಿನಗ ಜಾಮೀನು ನಾ ಕೊಡಸ್ತೀನಿ.’

ಯಪ್ಪಾ, ಏನ ಮಾತು, ಬೆಣ್ಣಿ ಹಚ್ಚಿದಂಗ! ನಿಮ್ಮಪ್ಪನ ಕೈ ತಾಟಿನ ಕಡಿ ಹೊಂಟೇ ಬಿಡ್ತು. ನಾ ತಾಟು ಕಸಗೊಂಡ್ನಿ. ‘ಮಾಲಕ್ರ, ಜಾಮೀನು ನೀವು ಕೊಡಸ್ತೀರಿ. ಶಿಕ್ಷಾ ಆದ್ರ ಒಳಗ ನೀವು ಕುಂದರ್ತೀರೇನು? ಲೈಸನ್ಸ ರದ್ದಾದ್ರ ನನ್ನ ಮಕ್ಕಳಿಗೆ ರೊಟ್ಟಿ ನೀವು ಬಡೀತೀರೇನು?’ ‘ಹೆಂಗಸು ನಡಕ ಬರಬಾರದವ್ವಾ’ ಅಂದ. ‘ಗಂಡಸರು ಹಿಂದ ಅಡಗಿ ನಿಂತಾರಲ್ರಿ, ಅದಕ್ಕ ಬಂದೀನಿ’ ಅಂದು ತಾಟು ಆ ಹುಡುಗನ ಮುಂದ ಹಿಡದ್ನಿ. ‘ಬಾರೋ ತಮ್ಮಾ. ಗಾಡಿ ನಾ ಹೊಡದಿಲ್ಲ ಅಂತ ನೀನ ಮುಟ್ಟಿ ಹೇಳು. ಹೇಳಿದ್ರ ನಾನ ನನ್ನ ಗಂಡನ್ನ ಠಾಣಿಗೆ ಕಳಸ್ತೀನಿ.’ ಓಣಿ ಮಂದಿ ಎಲ್ಲಾ ಬಂದು ನಿಂತಿತ್ತು. ಹುಡುಗ ಕೈ ಎತ್ತಿದ. ತಾಟಿನ ತನಕ ಒಯ್ದ. ಹಿಂದ ಜಗ್ಗಿಕೊಂಡು ‘ನಾನ ಹೊಡದೀನಪ್ಪಾ, ನನ್ನ ಕೈಲೆ ಆಗೂದಿಲ್ಲ’ ಅಂತ ಅಳಾಕ ಹತ್ತಿದ. ಮಾಲಕ ತಾಟು ನನ್ನ ಕೈಯಾಗ ಬಿಟ್ಟು ಹ್ವಾದ.

ನಿಮ್ಮಪ್ಪ ಠಾಣ್ಯಾಗ ಇದ್ದದ್ದು ಇದ್ದಂಗ ಹೇಳಿದ. ಸ್ಟೇರಿಂಗ್ ಬಿಟ್ಟು ಕೊಟ್ಟದ್ದೂ ಹೇಳಿದ, ಬೈಸ್ಕೊಂಡ. ಕೆಲಸ ಹ್ವಾತು, ಹೋಗಲಿ. ಈಗ ಬ್ಯಾರೇದವರ ಟ್ರ್ಯಾಕ್ಟರ್ ಹೊಡೀತಾನ, ಹೊಟ್ಟಿ ತುಂಬತೈತಿ. ಸಾಲ್ಯಾಗ ಯಾರರೆ ಅಂದ್ರ ಎದ್ದು ನಿಂತು ಹೇಳ್ರಿ: ನಮ್ಮಪ್ಪ ಓಡಿಲ್ಲ, ಸುಳ್ಳೂ ಹೇಳಿಲ್ಲ. ಇನ್ನೊಬ್ರು ಮಾಡಿದ್ದನ್ನ ನಿಮ್ಮ ತಲಿ ಮ್ಯಾಲ ಹೊತ್ಕೊಬ್ಯಾಡ್ರಿ, ಅಷ್ಟ.

ಏನು? ಸತ್ತವನ ಮನಿಯವರು ಏನಾದ್ರು? ನೀ ಸುಮ್ನ ಕುಂದರಾಕಿ ಅಲ್ಲ ಬಿಡು. ಅವನ ಹೇಣ್ತಿ ಜತ್ತ ಕೋರ್ಟಿನ ಕಟ್ಟಿ ಮ್ಯಾಲ ಭೆಟ್ಟಿ ಆಗಿದ್ಳು. ಹೊಡದವಗ ಲೈಸನ್ಸ ಇಲ್ಲಂತ ವಿಮಾದವರು ತಕರಾರ ತಗದಾರ, ಮಾಲಕ ಇವತ್ತ ನಾಳಿ ಅಂತಾನ, ಕೇಸು ಇನ್ನಾ ನಡದೈತಿ. ಆಕಿ ಮಗ್ಗಲಿಗೆ ನಿನ್ನಷ್ಟ ಮಗಳು. ನಾ ರೊಟ್ಟಿ ಬುತ್ತಿ ಬಿಚ್ಚಿ ಕೊಟ್ನಿ; ಮಗಳಿಗೆ ತಿನಸಿದ್ಳು, ತಾ ತಿನ್ನಲಿಲ್ಲ. ಬೈತಾಳ ಅನಕೊಂಡಿದ್ನಿ, ಬೈದ್ರ ನನಗೂ ಬಾಯಿ ಐತಿ. ಬೈಲಿಲ್ಲ. ಆ ತಾಟಿನ ಸುದ್ದಿ ಆಕಿ ಕಿವಿಗೂ ಬಿದ್ದಿತ್ತು, ಸಾವಕಾಶ ಕೇಳಿದ್ಳು: ‘ತಂಗಿ, ನಿನ್ನ ಗಂಡ ಅವತ್ತ ಆ ಭಂಡಾರ ಮುಟ್ಟಿದ್ರ, ನನ್ನ ಮಕ್ಕಳಿಗೆ ಇಷ್ಟೊತ್ತಿಗೆ ಏನರೆ ಸಿಕ್ಕಿರ್ತಿತ್ತಲ್ಲ?’